ಪಾರಿಜಾತ (ಮನೆತೋಟದ ಗಿಡ)

ಪಾರಿಜಾತವು ಮಲ್ಲಿಗೆಯ ಕುಟುಂಬಕ್ಕೆ (ಓಲಿಯೇಸಿ) ಸೇರಿದ, ರಾತ್ರಿ ಅರಳುವ ಸುಗಂಧಪುಷ್ಪಗಳ ದೊಡ್ಡ ಪೊದೆ ಅಥವಾ ಚಿಕ್ಕ ಮರ. ಇದರ ವೈಜ್ಞಾನಿಕ ಹೆಸರು ನಿಕ್ಟಾಂಥಸ್ ಆರ್ಬರ್-ಟ್ರಿಸ್ಟಿಸ್. ಲಿನೇಯಸ್ 1753ರಲ್ಲಿ ನೀಡಿದ ಈ ಹೆಸರಿನ ಉತ್ತರಾರ್ಧಕ್ಕೆ 'ದುಃಖದ ಮರ' ಎಂಬ ಅರ್ಥವಿದೆ. ಬಿಳಿಯ ದಳಗಳು ಮತ್ತು ಕಿತ್ತಳೆಗೆಂಪು ತೊಟ್ಟಿನಂತಹ ನಳಿಕೆಯಿಂದ ಹೂವನ್ನು, ಮರಳುಕಾಗದದಂತೆ ಒರಟಾದ ಎಲೆಯಿಂದ ಗಿಡವನ್ನು ಸುಲಭವಾಗಿ ಗುರುತಿಸಬಹುದು.

ಲೈಲಾಕ್ ಮತ್ತು ಬೆಂಗಳೂರಿನ ಹವೆ

ಶೀತದೇಶಗಳ ಮನೆತೋಟಗಳಲ್ಲಿ ಪ್ರಸಿದ್ಧವಾದ ಲೈಲಾಕ್ (ಸಿರಿಂಗಾ) ಇದೇ ಕುಟುಂಬದ್ದು. ಅದರ ಸಾಮಾನ್ಯ ತಳಿಗಳು ಚೆನ್ನಾಗಿ ಹೂಬಿಡಲು ಚಳಿಗಾಲದಲ್ಲಿ ಹಲವು ವಾರಗಳ ಕಾಲ ಸುಮಾರು 7 °ಸೆ.ಗಿಂತ ಕೆಳಗಿನ ಉಷ್ಣತೆ ಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ದಾಖಲಾದ ಅತಿ ಕನಿಷ್ಠ ಉಷ್ಣತೆಯೇ 7.8 °ಸೆ. (13 ಜನವರಿ 1884). ಆದುದರಿಂದ ಯಲಹಂಕ, ಹೆಬ್ಬಾಳ ಅಥವಾ ಆರ್.ಟಿ. ನಗರದ ಅಂಗಳದಲ್ಲಿ ಲೈಲಾಕ್ ನೆಟ್ಟು ಹೂವನ್ನು ನಿರೀಕ್ಷಿಸುವುದು ವ್ಯರ್ಥ. ಇಂಗ್ಲಿಷಿನಲ್ಲಿ 'ಪರ್ಷಿಯನ್ ಲೈಲಾಕ್' ಎಂದೂ ಕರೆಯಲಾಗುವ ಹುಚ್ಚುಬೇವು ಲೈಲಾಕ್ ಅಲ್ಲ. ಅದು ಬೇವಿನ ಕುಟುಂಬದ ಮರ. ಇದರ ಹಣ್ಣು ವಿಷಕಾರಿಯಾದ ಕಾರಣ, ಹೆಸರು ನೋಡಿ ಸಸಿ ಕೊಳ್ಳುವವರು, ವಿಶೇಷವಾಗಿ ಚಿಕ್ಕ ಮಕ್ಕಳಿರುವ ಮನೆಯವರು, ಎಚ್ಚರ ವಹಿಸಬೇಕು. ಈ ಹವೆಗೆ ಒಗ್ಗುವ ಲೈಲಾಕ್‌ನ ಬಂಧು ಪಾರಿಜಾತವೇ.

ಬೇಸಾಯ

ಬೀಜ ಅಥವಾ ಕಾಂಡದ ತುಂಡುಗಳಿಂದ ಸಸ್ಯಾಭಿವೃದ್ಧಿ ಮಾಡಲಾಗುತ್ತದೆ. ಚಪ್ಪಟೆಯಾದ ಪ್ರತಿ ಕಾಯಿಯಲ್ಲಿ ಎರಡು ಬೀಜಗಳಿರುತ್ತವೆ. ಮುಂಗಾರಿನ ಆರಂಭ ನಾಟಿಗೆ ಸೂಕ್ತ. ಈ ಭಾಗದ ಕೆಂಪುಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು; ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮನೆ ಕಟ್ಟಿದ ಮೇಲೆ ಉಳಿದ ಸಿಮೆಂಟು, ಜಲ್ಲಿಗಳಿಂದ ತುಂಬಿದ ನೆಲವಾದರೆ ಗುಂಡಿಯ ಮಣ್ಣನ್ನೇ ಬದಲಾಯಿಸುವುದು ಒಳಿತು. ದಿನದಲ್ಲಿ ಕೆಲವು ಗಂಟೆಗಳಾದರೂ ನೇರ ಬಿಸಿಲು ಬೇಕು. ಬೇಸಿಗೆಯಲ್ಲಿ ಎಲೆ ಉದುರಿದರೆ ಗಿಡ ಸತ್ತಿತೆಂದು ಕೀಳಬಾರದು. ಮಳೆ ಬಿದ್ದೊಡನೆ ಚಿಗುರುತ್ತದೆ. ಹೂವಿನ ಕಾಲ ಮುಗಿದ ಬಳಿಕ ಸವರಿದರೆ ಹೊಸ ರೆಂಬೆಗಳು ಬಂದು ಗಿಡ ಆಳೆತ್ತರದಲ್ಲಿಯೇ ಉಳಿಯುತ್ತದೆ. ಸವರದೆ ಬಿಟ್ಟರೆ ಅದು 10 ಮೀಟರ್‌ವರೆಗೂ ಬೆಳೆಯಬಲ್ಲದು.

ಹೂವು

ಮಳೆಗಾಲದ ಕೊನೆಯಿಂದ ಚಳಿಗಾಲದ ಆರಂಭದವರೆಗೆ ಹೂವು ಹೇರಳ. ಸಂಜೆ ಅರಳಿದ ಹೂಗಳು ಬೆಳಗಾಗುವಷ್ಟರಲ್ಲಿ ಉದುರುತ್ತವೆ. ನೆಲದಿಂದ ಆಯ್ದು ದೇವರಿಗೆ ಏರಿಸಬಹುದಾದ ಹೂವೆಂಬ ನಂಬಿಕೆ ಇರುವುದರಿಂದ ಬುಡವನ್ನು ಸಾರಿಸಿಡುವ ಅಥವಾ ಬಟ್ಟೆ ಹಾಸುವ ರೂಢಿಯಿದೆ. ನಳಿಕೆಯಿಂದ ತೆಗೆದ ಕಿತ್ತಳೆ ಬಣ್ಣವನ್ನು ಹಿಂದೆ ರೇಷ್ಮೆಗೆ ಹಾಕುತ್ತಿದ್ದರು.

ಕೃಷ್ಣನು ಸತ್ಯಭಾಮೆಗಾಗಿ ತಂದು ನೆಟ್ಟ ಪಾರಿಜಾತದ ಹೂಗಳು ರುಕ್ಮಿಣಿಯ ಅಂಗಳದಲ್ಲಿ ಬೀಳುತ್ತಿದ್ದವೆಂಬ ಕಥೆ ಪ್ರಚಲಿತವಾಗಿದೆ. ಮೂವತ್ತು-ನಲವತ್ತು ಅಡಿಯ ನಿವೇಶನಗಳಲ್ಲಿ ಕಾಂಪೌಂಡಿಗೆ ಒತ್ತಿ ನೆಟ್ಟವರ ಹೂವೂ ಬಹುಪಾಲು ನೆರೆಮನೆಗೇ ಸೇರುತ್ತದೆ.