ಸಂಸ್ಥೆಯ ಗುರಿಯೂ ಸಿಬ್ಬಂದಿಯ ದುಡಿಮೆಯೂ

ಹೊಸ ಆರ್ಥಿಕ ವರ್ಷ ಆರಂಭವಾಗುವ ವೇಳೆಗೆ ಅನೇಕ ಉದ್ದಿಮೆಗಳಲ್ಲಿ ಮಾಲೀಕರು ಸಿಬ್ಬಂದಿಯನ್ನು ಸೇರಿಸಿ ಆ ವರ್ಷದ ಗುರಿಯನ್ನು ತಿಳಿಸುವುದು ರೂಢಿ. ವಹಿವಾಟು ಇಷ್ಟು ಹೆಚ್ಚಬೇಕು, ಲಾಭ ಇಷ್ಟು ಬರಬೇಕು ಎಂದು ಹೇಳಿ, ಎಲ್ಲರೂ ಒಗ್ಗಟ್ಟಿನಿಂದ ದುಡಿಯಬೇಕೆಂದು ಕೋರಿ, ಉಪಾಹಾರದೊಂದಿಗೆ ಸಭೆ ಮುಗಿಯುತ್ತದೆ. ಮರುದಿನ ಪ್ರತಿಯೊಬ್ಬರೂ ಹಿಂದಿನಂತೆಯೇ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ. ವರ್ಷಾಂತ್ಯದಲ್ಲಿ ವಹಿವಾಟು ಹೆಚ್ಚಿದ್ದರೂ ಬ್ಯಾಂಕಿನ ಖಾತೆಯಲ್ಲಿ ಹಣ ಕಾಣದಿದ್ದಾಗ ಮಾಲೀಕರಿಗೆ ಸಿಬ್ಬಂದಿಯ ನಿಷ್ಠೆಯ ಮೇಲೆಯೇ ಸಂಶಯ ಬರುತ್ತದೆ. ವಾಸ್ತವದಲ್ಲಿ ಸಿಬ್ಬಂದಿಯು ತನಗೆ ಒಪ್ಪಿಸಿದ್ದನ್ನು ಚಾಚೂ ತಪ್ಪದೆ ಮಾಡಿರುವುದೇ ಹೆಚ್ಚು. ಸಭೆಯಲ್ಲಿ ಹೇಳಿದ ಗುರಿ ಒಂದಾಗಿದ್ದು, ಸಂಬಳ, ಕಮಿಷನ್ ಹಾಗೂ ಬಡ್ತಿಗಳನ್ನು ನಿರ್ಧರಿಸುವ ಅಳತೆ ಇನ್ನೊಂದಾಗಿರುತ್ತದೆ. ಜನರು ಅಳತೆಯನ್ನು ಅನುಸರಿಸುತ್ತಾರೆ.

ವ್ಯಾಪಾರ ಸಂಸ್ಥೆಯೊಂದರ ಲೆಕ್ಕವನ್ನು ಉದಾಹರಣೆಗಾಗಿ ನೋಡೋಣ. ಮಾರಾಟ ಪ್ರತಿನಿಧಿಗೆ ಮಾರಾಟದ ಮೊತ್ತದ ಮೇಲೆ ಶೇ. 1ರಷ್ಟು ಕಮಿಷನ್ ನಿಗದಿಯಾಗಿದೆ. ಆತ 10 ಲಕ್ಷ ರೂಪಾಯಿ ಬೆಲೆಯ ಮಾಲನ್ನು ಶೇ. 3ರ ರಿಯಾಯಿತಿಯಲ್ಲಿ, 90 ದಿನಗಳ ಉದ್ರಿಯ ಮೇಲೆ ಮಾರುತ್ತಾನೆ. ಮಾಲಿನ ಅಸಲು 9.20 ಲಕ್ಷ ಎಂದಿಟ್ಟುಕೊಂಡರೆ ಕೈಗೆ ಬರಬೇಕಾದುದು 9.70 ಲಕ್ಷ, ಅಂದರೆ ಮೇಲ್ನೋಟದ ಲಾಭ 50,000 ರೂ. ಕ್ಯಾಶ್ ಕ್ರೆಡಿಟ್ ಖಾತೆಯ ಮೇಲೆ ವಾರ್ಷಿಕ ಶೇ. 12ರ ಬಡ್ಡಿಯಂತೆ ಅಸಲಿನ ಮೇಲೆ ಮೂರು ತಿಂಗಳಿಗೆ 27,600 ರೂ. ಹೋಗುತ್ತದೆ. ಕಮಿಷನ್ 9,700 ರೂ. ಕಳೆದರೆ ಉಳಿಯುವುದು 12,700 ರೂ. ಬಾಡಿಗೆ, ಸಂಬಳ, ಸಾಗಣೆಗಳೆಲ್ಲ ಇದರಿಂದಲೇ ನಡೆಯಬೇಕು. ಗಿರಾಕಿಯು ಹಣ ಕೊಡಲು ಆರು ತಿಂಗಳು ಮಾಡಿದನೆಂದರೆ ಬಡ್ಡಿಯೇ 55,200 ರೂ. ಆಗಿ, ಕಮಿಷನ್ ಸೇರಿ 14,900 ರೂ. ನಷ್ಟ. ಇದರ ಜೊತೆಗೆ, ಗಿರಾಕಿಯಿಂದ ಹಣ ಬಾರದಿದ್ದರೂ ಬಿಲ್ಲಿನ ಮೇಲಿನ ಜಿ.ಎಸ್.ಟಿ.ಯನ್ನು ವಾಯಿದೆಗೆ ಸರಿಯಾಗಿ ಕಟ್ಟಲೇಬೇಕು. ಆದರೆ ಪ್ರತಿನಿಧಿಯ ದೃಷ್ಟಿಯಲ್ಲಿ ಎರಡೂ ವ್ಯವಹಾರಗಳು ಒಂದೇ. ಎರಡರಲ್ಲಿಯೂ ಆತನಿಗೆ ದೊರೆತದ್ದು 9,700 ರೂಪಾಯಿ. ಅದೂ ಬಿಲ್ಲು ಆದ ತಿಂಗಳಲ್ಲಿಯೇ. ಹೆಚ್ಚು ರಿಯಾಯಿತಿ, ಹೆಚ್ಚು ಉದ್ರಿ ಕೊಟ್ಟು ಮಾರುವುದು ಆತನಿಗೆ ಸಹಜವಾದ ಮಾರ್ಗ. ಅದಕ್ಕೆ ಆತನನ್ನು ದೂಷಿಸುವುದು ನ್ಯಾಯವಲ್ಲ.

ಉತ್ಪಾದನಾ ಘಟಕಗಳಲ್ಲಿ ಈ ವಿರೋಧ ಇನ್ನಷ್ಟು ಸೂಕ್ಷ್ಮವಾಗಿರುತ್ತದೆ. ಬೆಳಗಾವಿ, ಶಿವಮೊಗ್ಗಗಳಲ್ಲಿರುವಂತಹ ಎರಕದ ಕಾರ್ಖಾನೆಯನ್ನೇ ತೆಗೆದುಕೊಳ್ಳಬಹುದು. ಫೌಂಡ್ರಿಯ ಸಾಧನೆಯನ್ನು ತಿಂಗಳಿಗೆ ಇಷ್ಟು ಟನ್ ಎಂದು ಹೇಳುವುದು ಹಳೆಯ ವಾಡಿಕೆ. ಟನ್ನೇ ಅಳತೆಯಾದ ಕಡೆ ಭಾರವಾದ, ಸರಳವಾದ ಎರಕಗಳಿಗೆ ಆದ್ಯತೆ ದೊರೆಯುತ್ತದೆ. ಹಗುರವಾದ, ಕುಸುರಿ ಹೆಚ್ಚಿರುವ, ಕಿಲೋಗೆ ಉತ್ತಮ ಬೆಲೆ ತರುವ ಎರಕಗಳು ಸರದಿಯಲ್ಲಿ ಹಿಂದೆ ಬೀಳುತ್ತವೆ. ಅಚ್ಚು ಕಟ್ಟುವವರಿಗೆ ಅಚ್ಚಿನ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಅಚ್ಚುಗಳ ಸಂಖ್ಯೆ ಏರುತ್ತದೆ, ಅವುಗಳ ಗಟ್ಟಿತನ ಯಾರ ಹೊಣೆಯೂ ಆಗಿರುವುದಿಲ್ಲ. ಖರೀದಿ ವಿಭಾಗದವರು ಅಗ್ಗದ ಮರಳು ತಂದು ಉಳಿತಾಯ ಮಾಡಿದೆವೆಂದು ಪ್ರಶಂಸೆ ಪಡೆದಿರುತ್ತಾರೆ. ಅದರ ಪರಿಣಾಮವಾಗಿ ಎರಕದಲ್ಲಿ ಗಾಳಿಯ ರಂಧ್ರಗಳು ಕಾಣಿಸಿಕೊಂಡಾಗ ದೋಷ ಅಚ್ಚಿನ ವಿಭಾಗದ ಮೇಲೆ ಬರುತ್ತದೆ. ಕೆಟ್ಟ ಎರಕವನ್ನು ಮತ್ತೆ ಕರಗಿಸಬಹುದೆಂಬ ಸಮಾಧಾನ ಉಂಟಾದರೂ ವಿದ್ಯುತ್ತು, ಕೂಲಿ, ಕುಲುಮೆಯ ವೇಳೆ ಮರಳಿ ಬರುವುದಿಲ್ಲ. ದೋಷವು ಗಿರಾಕಿಯ ಲೇತಿನ ಮೇಲೆ ಬೆಳಕಿಗೆ ಬಂದರಂತೂ ಎರಕದ ಬೆಲೆಯೊಂದಿಗೆ ಯಂತ್ರಕೆಲಸದ ವೆಚ್ಚಕ್ಕೂ ಡೆಬಿಟ್ ನೋಟ್ ಬರುವ ಸಂಭವ ಉಂಟು.

ತಿಂಗಳ ಕೊನೆಯ ವಾರದ ಗಡಿಬಿಡಿ ಎಲ್ಲ ಉತ್ಪಾದಕರಿಗೂ ಪರಿಚಿತವೇ. ರವಾನೆಯ ಅಂಕಿಯನ್ನು ಮುಟ್ಟಿಸಲು ಆ ವಾರ ತಪಾಸಣೆ ಸಡಿಲವಾಗುತ್ತದೆ, ಮುಂದಿನ ತಿಂಗಳ ಮೊದಲ ವಾರ ಮಾಲು ಹಿಂದಿರುಗುತ್ತದೆ. ಎರಡೂ ತಿಂಗಳುಗಳ ವರದಿಯಲ್ಲಿ ರವಾನೆ ಮಾತ್ರ ಕಾಣುತ್ತದೆ.

ಇಂತಹ ತೊಡಕುಗಳು ಹೊಸವಲ್ಲ. ಸಂಸ್ಥೆಯ ಉದ್ದೇಶವನ್ನು ಪ್ರತಿಯೊಬ್ಬ ವ್ಯವಸ್ಥಾಪಕನ ಸ್ವಂತ ಗುರಿಯಾಗಿ ಪರಿವರ್ತಿಸಬೇಕೆಂಬ ವಿಚಾರವನ್ನು ಪೀಟರ್ ಡ್ರಕರ್ 1954ರಲ್ಲಿಯೇ ಪ್ರತಿಪಾದಿಸಿದರು. ಒಂದನ್ನು ಬಯಸುತ್ತ ಇನ್ನೊಂದಕ್ಕೆ ಬಹುಮಾನ ಕೊಡುವ ಅವಿವೇಕವನ್ನು ಸ್ಟೀವನ್ ಕೆರ್ 1975ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಿವರಿಸಿದರು. ಹೀಗಿದ್ದರೂ ಬೃಹತ್ ಸಂಸ್ಥೆಗಳೇ ಎಡವಿವೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಪ್ರತಿ ಗಿರಾಕಿಗೆ ಎಂಟು ಸೇವೆಗಳನ್ನು ಮಾರುವ ಗುರಿ ಇಟ್ಟು ಶಾಖೆಗಳ ಮೇಲೆ ಒತ್ತಡ ಹೇರಿತು. ನೌಕರರು ಗಿರಾಕಿಗಳಿಗೆ ತಿಳಿಯದಂತೆಯೇ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆಗಳನ್ನು ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಕೆಲಸ ಕಳೆದುಕೊಂಡವರು ಸುಮಾರು 5,300 ಮಂದಿ. ಅಲ್ಲಿ ಸಿಬ್ಬಂದಿಯು ಗುರಿಗೆ ಹೊಂದಿಕೊಂಡಿರಲಿಲ್ಲವೆಂದು ಹೇಳುವಂತಿಲ್ಲ. ಗುರಿಯೇ ವ್ಯಾಪಾರದ ಹಿತಕ್ಕೆ ಹೊಂದಿರಲಿಲ್ಲ.

ಸಣ್ಣ ಉದ್ದಿಮೆಯಲ್ಲಿ ಕೆಲಸ ಎಲ್ಲಿಂದ ಆರಂಭವಾಗಬೇಕು? ನಮ್ಮ ಅಭಿಪ್ರಾಯದಲ್ಲಿ ಮಾಲೀಕರ ಕೋಣೆಯಿಂದ. ಕುಟುಂಬದ ವ್ಯಾಪಾರಗಳಲ್ಲಿ ಅಣ್ಣನು ವಹಿವಾಟು ಬೆಳೆಸಬೇಕೆಂದೂ ತಮ್ಮನು ಸಾಲ ತೀರಿಸಬೇಕೆಂದೂ ಇಚ್ಛಿಸುವುದುಂಟು. ಎರಡೂ ಸರಿಯಾದ ಇಚ್ಛೆಗಳೇ. ಆದರೆ ಬೆಳಿಗ್ಗೆ ಒಬ್ಬರು ಉದ್ರಿ ಕೊಡೆಂದು ಹೇಳಿ ಸಂಜೆ ಇನ್ನೊಬ್ಬರು ಏಕೆ ಕೊಟ್ಟೆಯೆಂದು ಕೇಳಿದರೆ ಗುಮಾಸ್ತನು ಯಾರ ಗುರಿಯನ್ನು ಅನುಸರಿಸಬೇಕು? ಪಾಲುದಾರರು ಮೊದಲು ತಮ್ಮೊಳಗೆ ಕುಳಿತು ಈ ವರ್ಷದ ಮುಖ್ಯ ಗುರಿ ಯಾವುದೆಂದು ಒಂದೇ ಒಂದನ್ನು ಆರಿಸಿ ಬರೆದಿಡುವುದು ಒಳಿತು. ಇದು ಸುಲಭದ ಮಾತಲ್ಲ, ಹಲವು ಕಡೆ ಹಳೆಯ ಮನಸ್ತಾಪಗಳೂ ಮೇಲೆ ಬರುತ್ತವೆ. ಆದರೂ ಇದನ್ನು ಬಿಟ್ಟು ಸಿಬ್ಬಂದಿಗೆ ತರಬೇತಿ ಏರ್ಪಡಿಸುವುದು ವ್ಯರ್ಥ ಖರ್ಚು.

ಆರಿಸಿದ ಗುರಿಯನ್ನು ಆನಂತರ ಪ್ರತಿಯೊಂದು ಮೇಜಿಗೂ ಇಳಿಸಬೇಕು. ಬ್ಯಾಂಕಿನ ಸಾಲ ತಗ್ಗಿಸುವುದೇ ಗುರಿಯೆಂದುಕೊಂಡರೆ, ಮಾರಾಟದವರ ಕಮಿಷನ್ನನ್ನು ಹಣ ಜಮೆಯಾದ ದಿನಕ್ಕೆ ಜೋಡಿಸಬಹುದು: 45 ದಿನಗಳೊಳಗೆ ಬಂದರೆ ಪೂರ್ಣ, 90 ದಿನಗಳೊಳಗೆ ಬಂದರೆ ಅರ್ಧ. ಮಾಲೀಕರೇ ಬಂಧುಗಳಿಗೂ ಹಳೆಯ ಸ್ನೇಹಿತರಿಗೂ ಕೊಡಿಸಿದ ಉದ್ರಿಯನ್ನು ಈ ಲೆಕ್ಕದಿಂದ ಹೊರಗಿಡುವುದು ನ್ಯಾಯ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಖರೀದಿದಾರರು, ಲಿಖಿತ ಒಪ್ಪಂದವಿದ್ದರೂ ಸಹ, 45 ದಿನಗಳನ್ನು ಮೀರದಂತೆ ಹಣ ಪಾವತಿ ಮಾಡಬೇಕು. ಈ ಸಂಗತಿ ಮಾಲೀಕರಿಗೆ ತಿಳಿದಿದ್ದರೂ ಪ್ರತಿನಿಧಿಗೆ ತಿಳಿಯದೆ ಆತ 90 ದಿನಗಳಿಗೆ ಒಪ್ಪಿ ಬರುವುದು ಸಾಮಾನ್ಯ. ಖರೀದಿಯವರನ್ನು ದರದ ಉಳಿತಾಯದೊಂದಿಗೆ ಉಗ್ರಾಣದಲ್ಲಿ ಮೂರು ತಿಂಗಳಿಗೂ ಮೀರಿ ಬಿದ್ದಿರುವ ದಾಸ್ತಾನಿನಿಂದಲೂ ಅಳೆಯಬೇಕು. ಫೌಂಡ್ರಿಯಲ್ಲಾದರೆ ಕರಗಿಸಿದ ಟನ್ನಿನ ಬದಲು ಗಿರಾಕಿ ಒಪ್ಪಿದ ಎರಕದ ಲೆಕ್ಕ ಹಿಡಿದು, ತಿರಸ್ಕೃತ ಮಾಲಿನ ಪ್ರಮಾಣವನ್ನು ಖರೀದಿ ಹಾಗೂ ಅಚ್ಚಿನ ವಿಭಾಗಗಳಿಗೆ ಜಂಟಿಯಾಗಿ ಹೊರಿಸಿದರೆ, ಮರಳಿನ ಗುಣಮಟ್ಟದ ಬಗ್ಗೆ ಆ ಇಬ್ಬರೂ ತಾವಾಗಿಯೇ ಮಾತನಾಡತೊಡಗುತ್ತಾರೆ.

ಲಾಭದ ಅಂಕಿಗಳನ್ನು ನೌಕರರ ಮುಂದಿಡಲು ನಮ್ಮಲ್ಲಿ ಹಿಂಜರಿಕೆ ಇದೆ, ಅದಕ್ಕೆ ಕಾರಣಗಳೂ ಇವೆ. ಅದರ ಅಗತ್ಯವೂ ಇಲ್ಲ. ಬರಬೇಕಾದ ಬಾಕಿ ಸರಾಸರಿ ಎಷ್ಟು ದಿನಗಳದು, ತಿರಸ್ಕೃತವಾದ ಮಾಲು ಶೇಕಡಾ ಎಷ್ಟು, ಹೇಳಿದ ದಿನಕ್ಕೆ ತಲುಪಿದ ಆರ್ಡರುಗಳೆಷ್ಟು ಎಂಬ ಮೂರು ಅಂಕಿಗಳನ್ನು ವಾರಕ್ಕೊಮ್ಮೆ ಹಲಗೆಯ ಮೇಲೆ ಬರೆದರೆ ಸಾಕು. ಬರೆಯುವ ಕೆಲಸವನ್ನು ಮೇಸ್ತ್ರಿಗೋ ಹಿರಿಯ ಕೆಲಸಗಾರನಿಗೋ ವಹಿಸುವುದು ಮೇಲು. ಅಂಕಿ ಕೆಟ್ಟ ವಾರದಲ್ಲಿ ಯಾರನ್ನಾದರೂ ಎಲ್ಲರೆದುರು ಗದರಿದಲ್ಲಿ ಮುಂದಿನ ವಾರದಿಂದ ಅಂಕಿಗಳು ಚೆನ್ನಾಗಿ ಕಾಣುತ್ತವೆ, ಆದರೆ ನಿಜವಾಗಿರುವುದಿಲ್ಲ. ಸಂಖ್ಯೆಯ ಗುರಿಗಳನ್ನು ಹೇರುವುದರ ವಿರುದ್ಧ ಗುಣಮಟ್ಟದ ತಜ್ಞ ಡೆಮಿಂಗ್ ಎಚ್ಚರಿಸುತ್ತಿದ್ದುದಕ್ಕೆ ಈ ಭಯವೂ ಒಂದು ಕಾರಣ.

ಕೊನೆಯದಾಗಿ ಬೋನಸ್ಸಿನ ವಿಚಾರ. 20 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಅರ್ಹ ನೌಕರರಿಗೆ ಕನಿಷ್ಠ ಶೇ. 8.33, ಗರಿಷ್ಠ ಶೇ. 20ರ ಬೋನಸ್ ಎಂಬ ಮಿತಿಗಳು 2019ರ ವೇತನ ಸಂಹಿತೆಯಲ್ಲಿಯೂ ಉಳಿದಿವೆ. ಕನಿಷ್ಠ ಬೋನಸ್ ಕಾನೂನಿನ ಹಕ್ಕಾದುದರಿಂದ ಅದನ್ನು ಗುರಿಯ ಸಾಧನೆಗೆ ಕಟ್ಟಿಹಾಕಲು ಬರುವುದಿಲ್ಲ. ಕಟ್ಟಿದರೆ ವ್ಯಾಜ್ಯ ತಪ್ಪಿದ್ದಲ್ಲ. ಹೆಚ್ಚುವರಿ ಬಹುಮಾನವನ್ನು ಬೇರೆಯಾಗಿಯೇ ಇಟ್ಟು, ಮೇಲಿನ ಮೂರು ಅಂಕಿಗಳಿಗೆ ಜೋಡಿಸಿ, ಅದರ ಲೆಕ್ಕವನ್ನು ವರ್ಷದ ಆರಂಭದಲ್ಲಿಯೇ ಬರೆದು ಕೊಡಬೇಕು. ದೀಪಾವಳಿಯ ಮುನ್ನಾದಿನ ಮಾಲೀಕರ ಮನಸ್ಸಿಗೆ ತೋಚಿದಂತೆ ಲಕೋಟೆಯಲ್ಲಿ ಹಾಕಿ ಕೊಡುವ ಹಣವನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಅದು ಯಾವ ಕೆಲಸಕ್ಕಾಗಿ ಬಂದಿತೆಂಬುದು ಪಡೆದವನಿಗೆ ತಿಳಿಯುವುದಿಲ್ಲ.