ಕಡಿಮೆ ವೆಚ್ಚದಲ್ಲಿ ಮನೆಯಲ್ಲಿಯೇ ಸ್ಪೆಷಾಲಿಟಿ ಕಾಫಿ ತಯಾರಿಕೆ: ಗ್ರಾಹಕರಿಗೆ ಮಾಹಿತಿ

1. ಪೀಠಿಕೆ

ಭಾರತದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಪಾಲು ಕರ್ನಾಟಕದ್ದಾಗಿದ್ದು, ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳು ಪ್ರಮುಖ ಬೆಳೆ ಪ್ರದೇಶಗಳಾಗಿವೆ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಹಾಗೂ ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆತಿದೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಮುಂತಾದ ಬಡಾವಣೆಗಳ ನಿವಾಸಿಗಳಿಗೆ ಈ ತೋಟಗಳ ಕಾಫಿ ಸುಲಭವಾಗಿ ಲಭ್ಯವಿದ್ದರೂ, ಉತ್ತಮ ಕಾಫಿಗೆ ದುಬಾರಿ ಯಂತ್ರ ಅಗತ್ಯವೆಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ಹೊಸದಾಗಿ ಆರಂಭಿಸುವವರು ಉಪಕರಣಕ್ಕಿಂತ ತಾಜಾ ಬೀಜಕ್ಕೆ ಹಣ ವ್ಯಯಿಸುವುದು ಲಾಭದಾಯಕ.

2. ಸ್ಪೆಷಾಲಿಟಿ ಕಾಫಿ ಎಂದರೇನು?

ತರಬೇತಿ ಪಡೆದ ಪರೀಕ್ಷಕರು ರುಚಿ ನೋಡಿ ನೀಡುವ 100 ಅಂಕಗಳಲ್ಲಿ 80 ಅಥವಾ ಅದಕ್ಕಿಂತ ಹೆಚ್ಚು ಪಡೆದ ಕಾಫಿಯನ್ನು ಸ್ಪೆಷಾಲಿಟಿ ಎಂದು ಕರೆಯುವುದು ಬಹುಕಾಲದ ರೂಢಿ. ಇಂತಹ ಪ್ಯಾಕೆಟ್‌ಗಳ ಮೇಲೆ ಸಾಮಾನ್ಯವಾಗಿ ತೋಟ ಅಥವಾ ಪ್ರದೇಶದ ಹೆಸರು, ಸಂಸ್ಕರಣಾ ವಿಧಾನ ಮತ್ತು ಹುರಿದ ದಿನಾಂಕ ನಮೂದಾಗಿರುತ್ತವೆ. ಇದಕ್ಕೆ ಚಿಕೋರಿ ಬೆರೆಸುವುದಿಲ್ಲ.

3. ಖರೀದಿಸುವಾಗ ಗಮನಿಸತಕ್ಕ ಅಂಶಗಳು

(ಅ) ಚಿಕೋರಿಯು ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಇದರಲ್ಲಿ ಕೆಫೀನ್ ಇರುವುದಿಲ್ಲ. ಮಿಶ್ರಣದ ಮಾರಾಟಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಅದರಲ್ಲಿ ಕಾಫಿಯ ಪ್ರಮಾಣ ಶೇ. 51ಕ್ಕಿಂತ ಕಡಿಮೆ ಇರಕೂಡದು. ಕಾಫಿ ಮತ್ತು ಚಿಕೋರಿಯ ಶೇಕಡಾವಾರು ಪ್ರಮಾಣವನ್ನು ಪ್ಯಾಕೆಟ್ ಮೇಲೆ ನಮೂದಿಸುವುದು ಕಡ್ಡಾಯ.

(ಆ) ಶುದ್ಧ ಕಾಫಿಯೆಂದು ಕೊಂಡ ಪುಡಿಯ ಬಗ್ಗೆ ಸಂಶಯವಿದ್ದಲ್ಲಿ, ಗಾಜಿನ ಲೋಟದ ನೀರಿನ ಮೇಲೆ ಒಂದು ಚಮಚ ಪುಡಿಯನ್ನು ಉದುರಿಸಿ ನೋಡಬಹುದು. ಕಾಫಿ ಪುಡಿ ತೇಲುತ್ತದೆ. ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಬಣ್ಣದ ಗೆರೆ ಬಿಡುತ್ತಾ ತಳಕ್ಕಿಳಿಯುತ್ತದೆ. ಇದು ಪ್ರಾಥಮಿಕ ಪರೀಕ್ಷೆ ಮಾತ್ರ.

(ಇ) ಅಂಗಡಿಯಲ್ಲಿ ಎದುರಿಗೇ ಪುಡಿ ಮಾಡಿಸಿಕೊಳ್ಳುವವರು ತೂಕದ ಯಂತ್ರದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನಾ ಮುದ್ರೆ ಇರುವುದನ್ನು ಗಮನಿಸತಕ್ಕದ್ದು. ಚೀಲದ ತೂಕವನ್ನು ಪುಡಿಯ ತೂಕಕ್ಕೆ ಸೇರಿಸುವಂತಿಲ್ಲ.

(ಈ) ಪುಡಿ ಮಾಡಿದ ಕಾಫಿಯ ಸುವಾಸನೆ ಬೇಗನೆ ಕುಂದುವುದರಿಂದ, ಒಮ್ಮೆಗೆ ಎರಡು ವಾರಕ್ಕೆ ಸಾಕಾಗುವಷ್ಟು ಮಾತ್ರ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ, ಬಿಸಿಲು ಮತ್ತು ಒಲೆಯ ಶಾಖದಿಂದ ದೂರವಿಡುವುದು ಸೂಕ್ತ.

4. ನೀರು

ಕೊಳವೆ ಬಾವಿಯ ಗಡಸು ನೀರಿನಲ್ಲಿ ಕಾಫಿಯ ಹದವಾದ ಹುಳಿ ಮತ್ತು ಸುವಾಸನೆ ಮಂಕಾಗುತ್ತವೆ. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದು ಗಡಸು ನೀರಿನ ಲಕ್ಷಣ. ಅಂತಹ ಮನೆಗಳಲ್ಲಿ ಕುಡಿಯಲು ಬಳಸುವ ಕಾವೇರಿ ನೀರು ಅಥವಾ ಶುದ್ಧೀಕರಿಸಿದ ನೀರನ್ನೇ ಕಾಫಿಗೂ ಬಳಸುವುದು ಒಳ್ಳೆಯದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಕಾರಣ ಇಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಕಾಫಿಗೆ 90ರಿಂದ 96 ಡಿಗ್ರಿ ಶಾಖ ಸೂಕ್ತವಾಗಿದ್ದು, ಕುದಿದ ನೀರನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟರೆ ಸಾಕು. ಉಷ್ಣಮಾಪಕದ ಅಗತ್ಯವಿಲ್ಲ.

5. ತಯಾರಿಸುವ ವಿಧಾನ

ಸಾಧ್ಯವಿದ್ದಲ್ಲಿ ಗ್ರಾಂ ಲೆಕ್ಕದಲ್ಲಿ ತೂಗುವ ಸಣ್ಣ ಅಡುಗೆ ಮನೆಯ ತಕ್ಕಡಿಯೊಂದನ್ನು ಹೊಂದುವುದು ಉಪಯುಕ್ತ. ಉಳಿದಂತೆ ಮನೆಯಲ್ಲಿರುವ ಪಾತ್ರೆಗಳೇ ಸಾಕು.

ಮೊದಲನೆಯ ವಿಧಾನ (ಬಟ್ಟೆಯಲ್ಲಿ ಸೋಸುವುದು): ತರಿತರಿಯಾದ 15 ಗ್ರಾಂ ಪುಡಿಯನ್ನು ಪಾತ್ರೆಗೆ ಹಾಕಿ, 250 ಮಿ.ಲೀ. ಬಿಸಿ ನೀರು ಸುರಿದು, ಒಮ್ಮೆ ಕಲಕಿ ಮುಚ್ಚಬೇಕು. 4 ನಿಮಿಷಗಳ ನಂತರ ಶುಭ್ರವಾದ ತೆಳು ಹತ್ತಿ ಬಟ್ಟೆಯಲ್ಲಿ ಸೋಸಬೇಕು. ಪುಡಿಯನ್ನು ನೀರಿನೊಂದಿಗೆ ಕುದಿಸಬಾರದು. ಹಾಲು, ಸಕ್ಕರೆ ಇಲ್ಲದೆ ಕುಡಿದಾಗ ತೋಟದ ಕಾಫಿಯ ನಿಜವಾದ ರುಚಿ ತಿಳಿಯುತ್ತದೆ.

ಎರಡನೆಯ ವಿಧಾನ (ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರ್): ಹಾಲಿನ ಕಾಫಿ ಬಯಸುವವರು ಎರಡು ಲೋಟಕ್ಕೆ 25 ಗ್ರಾಂ ಪುಡಿಯನ್ನು ಫಿಲ್ಟರಿನ ಮೇಲಿನ ಭಾಗಕ್ಕೆ ಹಾಕಿ, ಹಿಡಿಯುಳ್ಳ ಬಿಲ್ಲೆಯಿಂದ ಹಗುರವಾಗಿ ಸಮಮಾಡಿ, 150 ಮಿ.ಲೀ. ಬಿಸಿ ನೀರನ್ನು ನಿಧಾನವಾಗಿ ಸುರಿಯಬೇಕು. ಸುಮಾರು 15ರಿಂದ 20 ನಿಮಿಷಗಳಲ್ಲಿ ಡಿಕಾಕ್ಷನ್ ಇಳಿಯುತ್ತದೆ. ಇದನ್ನು ಮತ್ತೆ ಕುದಿಸದೆ, ಬಿಸಿ ಹಾಲಿಗೆ ಬೆರೆಸತಕ್ಕದ್ದು.

ಕಾಫಿ ತೆಳುವಾಗಿ ಹುಳಿಯಾಗಿದ್ದರೆ ಪುಡಿ ಇನ್ನಷ್ಟು ನುಣ್ಣಗಿರಬೇಕು. ಕಹಿ ಅಥವಾ ಒಗರು ಹೆಚ್ಚಾಗಿದ್ದರೆ ಇನ್ನಷ್ಟು ತರಿಯಾಗಿರಬೇಕು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿದಲ್ಲಿ ದೋಷ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

6. ವೆಚ್ಚದ ಲೆಕ್ಕ

ಈ ಕೆಳಗಿನ ದರಗಳು ಉದಾಹರಣೆಗಾಗಿ ಮಾತ್ರ. ಗ್ರಾಹಕರು ತಾವು ಕೊಳ್ಳುವ ದರವನ್ನು ಹಾಕಿ ಲೆಕ್ಕ ಮಾಡಬಹುದು.

ಶೇ. 60 ಕಾಫಿ ಮತ್ತು ಶೇ. 40 ಚಿಕೋರಿ ಇರುವ 250 ಗ್ರಾಂ ಪ್ಯಾಕೆಟ್‌ನ ಬೆಲೆ ರೂ. 180 ಎಂದು ಭಾವಿಸಿದರೆ, ಅದರಲ್ಲಿರುವ ಕಾಫಿ 150 ಗ್ರಾಂ ಮಾತ್ರ. ಅಂದರೆ ಪ್ರತಿ ಗ್ರಾಂ ಕಾಫಿಗೆ ರೂ. 1.20 ಆಗುತ್ತದೆ. 250 ಗ್ರಾಂ ಶುದ್ಧ ಕಾಫಿಯ ಬೆಲೆ ರೂ. 250 ಆಗಿದ್ದರೆ ಪ್ರತಿ ಗ್ರಾಂಗೆ ರೂ. 1.00 ಮಾತ್ರ. ಕಡಿಮೆ ಬೆಲೆಯ ಪ್ಯಾಕೆಟ್ ಯಾವಾಗಲೂ ಅಗ್ಗವಲ್ಲ ಎಂಬುದನ್ನು ಇದು ತೋರಿಸುತ್ತದೆ. ಚಿಕೋರಿಯ ಬಣ್ಣ ಮತ್ತು ಗಟ್ಟಿತನವನ್ನು ಇಷ್ಟಪಟ್ಟು ಕೊಳ್ಳುವುದು ಗ್ರಾಹಕರ ಆಯ್ಕೆ. ತಿಳಿಯದೆ ಕೊಳ್ಳುವುದು ನಷ್ಟ.

250 ಗ್ರಾಂಗೆ ರೂ. 500 ಬೆಲೆಯ ಸ್ಪೆಷಾಲಿಟಿ ಕಾಫಿಯಾದರೆ, ಒಂದು ಲೋಟಕ್ಕೆ 15 ಗ್ರಾಂನಂತೆ ರೂ. 30 ವೆಚ್ಚವಾಗುತ್ತದೆ. ಪ್ರತಿದಿನ ಸಾಮಾನ್ಯ ಪುಡಿ ಬಳಸಿ, ಭಾನುವಾರಕ್ಕೆ ಮಾತ್ರ ಸ್ಪೆಷಾಲಿಟಿ ಕಾಫಿ ಮೀಸಲಿಡುವ ಕುಟುಂಬಗಳು 100 ಗ್ರಾಂನ ಸಣ್ಣ ಪ್ಯಾಕೆಟ್ ಕೊಳ್ಳುವುದು ಲೇಸು.

7. ದೂರು ಸಲ್ಲಿಸುವುದು

ಪ್ಯಾಕೆಟ್ ಮೇಲೆ ಚಿಕೋರಿಯ ಪ್ರಮಾಣ ನಮೂದಿಸದಿದ್ದಲ್ಲಿ, ತೂಕ ಕಡಿಮೆ ಇದ್ದಲ್ಲಿ ಅಥವಾ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆದಲ್ಲಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸಲು ಅವಕಾಶವಿದ್ದು, ಪಾವತಿಸಿದ ಮೊತ್ತ ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಆದ್ದರಿಂದ ಸಣ್ಣ ಮೊತ್ತದ ಖರೀದಿಗೂ ರಸೀದಿ ಪಡೆದು, ಪುಡಿ ಮುಗಿಯುವವರೆಗೆ ರಸೀದಿ ಮತ್ತು ಪ್ಯಾಕೆಟ್ ಎರಡನ್ನೂ ಕಾಯ್ದಿರಿಸಿಕೊಳ್ಳುವಂತೆ ಸಾರ್ವಜನಿಕರಿಗೆ ಸಲಹೆ ನೀಡಲಾಗಿದೆ.