ಕಲ್ಲಿನಲ್ಲಿ ನಿಂತ ಸಾವು



ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಬರುವವರನ್ನು ನೀವೆಲ್ಲ ನೋಡಿದ್ದೀರಿ. ಅತ್ತು, ಮಿಂದು, ಒದ್ದೆ ಬಟ್ಟೆ ಹಿಂಡಿಕೊಂಡವರು ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಕೈ ಹಿಡಿದು ದರಿಯಾ ದೌಲತ್ ನೋಡಲು ಹೊರಟಿರುತ್ತಾರೆ. ಇದನ್ನು ನಾವು ತಪ್ಪೆನ್ನುವುದಿಲ್ಲ, ಬದುಕು ನಡೆಯಬೇಕಲ್ಲ! ಆದರೆ ಬೆಳಿಗ್ಗೆ ನದಿಯ ದಡದಲ್ಲಿ ಕೇಳಿದ ಮಾತನ್ನೇ ಆ ಊರಿನ ಕಟ್ಟಡಗಳೂ ಹೇಳುತ್ತಿವೆಯೆಂಬುದು ಎಷ್ಟು ಜನರ ಗಮನಕ್ಕೆ ಬರುತ್ತದೆ?

ದರಿಯಾ ದೌಲತ್ ಆದದ್ದು 1784ರಲ್ಲಿ. ಗುಂಬಜ್ ಮುಗಿದದ್ದೂ ಅದೇ ವರ್ಷ. ಎರಡನ್ನೂ ಕಟ್ಟಿಸಿದವನು ಟಿಪ್ಪು. ಒಂದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಗೆಲುವಿನ ಚಿತ್ರವಿದೆ. ಸೋತ ಇಂಗ್ಲಿಷರ ದಳಪತಿ ಬೇಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕುಳಿತಿದ್ದಾನೆ. ಇನ್ನೊಂದು ತಂದೆಯ ಸಮಾಧಿ. ಹೈದರಾಲಿ 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ. ದೇಹವನ್ನು ಮೊದಲು ಕೋಲಾರದಲ್ಲಿಟ್ಟು ಆಮೇಲೆ ಇಲ್ಲಿಗೆ ತಂದರು. ಟಿಪ್ಪುವಿನ ತಾಯಿಯೂ ಅಲ್ಲಿಯೇ ಇದ್ದಾಳೆ. 1799ರ ಮೇ 4ರಂದು ಕೋಟೆ ಬಿತ್ತು. ಸಂಜೆ ಹೆಣಗಳ ರಾಶಿಯಲ್ಲಿ ಸುಲ್ತಾನನನ್ನು ಹುಡುಕಿ ತೆಗೆಯಬೇಕಾಯಿತು. ಮರುದಿನ ಅವನು ತಾನೇ ಕಟ್ಟಿಸಿದ ಗುಂಬಜಿನೊಳಗೆ ಮೂರನೆಯವನಾಗಿ ಮಲಗಿದ. ಗೆಲುವಿನ ಚಿತ್ರವಿದ್ದ ಅರಮನೆಯಲ್ಲಿ ಇಂಗ್ಲಿಷರ ವೆಲ್ಲೆಸ್ಲಿ ಬಂದು ಇಳಿದುಕೊಂಡ. ನಡುವೆ ಕಳೆದದ್ದು ಹದಿನೈದೇ ವರ್ಷ!

ಅರಸರಿಗೆ ಗುಂಬಜ್ ಆಯಿತು, ಹೆಸರಿಲ್ಲದವರಿಗೆ? ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಯಲ್ಲಿ ಕೆರೆಯ ಏರಿಯ ಮೇಲೆ, ಹಾಳು ಗುಡಿಯ ಮುಂದೆ ನಿಂತ ವೀರಗಲ್ಲುಗಳನ್ನು ನೋಡಿರಿ. ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ದೇವಕನ್ಯೆಯರು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಇವರಲ್ಲಿ ಅನೇಕರು ರಾಜ್ಯಕ್ಕಾಗಿ ಸತ್ತವರಲ್ಲ. ಕಳ್ಳರು ಹೊಡೆದುಕೊಂಡು ಹೋದ ಊರಿನ ದನವನ್ನು ಬಿಡಿಸಲು ಹೋಗಿ ಸತ್ತವರು, ಹೆಂಗಸರ ಮಾನ ಕಾಯಲು ಸತ್ತವರು. ಹೇಗೆ ಸತ್ತ, ಯಾರಿಗಾಗಿ ಸತ್ತ ಎಂಬುದನ್ನು ಕಲ್ಲು ಹೇಳುತ್ತದೆ. ಅವನಿಗೆ ಎಷ್ಟು ಹೊಲವಿತ್ತೆಂದು ಹೇಳುವುದಿಲ್ಲ.

ಪಕ್ಕದಲ್ಲಿ ಕೆಲವೊಮ್ಮೆ ಮಾಸ್ತಿಕಲ್ಲು ಇರುತ್ತದೆ: ಕಂಬದಿಂದ ಹೊರಟ ಬಳೆ ತೊಟ್ಟ ಕೈ. ಆ ತಾಯಿಗೆ ನಾವು ಕೈಮುಗಿಯುತ್ತೇವೆ, ಅವಳನ್ನು ಬೆಂಕಿಗೆ ಕೊಟ್ಟ ಪದ್ಧತಿಗೆ ಮುಗಿಯುವುದಿಲ್ಲ. ಬಳೆಯೆಂದರೆ ಮುತ್ತೈದೆತನ ಎಂದು ಹೊಗಳುವವರು ಅವಳ ವಯಸ್ಸೆಷ್ಟಿತ್ತೆಂದು ಒಮ್ಮೆ ಯೋಚಿಸಲಿ.

ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ, ಮಣ್ಣು ಕೊಡುವ ಸಂಪ್ರದಾಯದವರು ನಾವು. ಮಠಕ್ಕೆ ಬಂದಾಗ ಮೊದಲು ಗದ್ದುಗೆಗೆ ನಮಸ್ಕರಿಸುತ್ತೀರಿ. ಅದೂ ಒಂದು ಸಮಾಧಿಯೇ ಎಂಬುದು ರೂಢಿಯಲ್ಲಿ ಮರೆತುಹೋಗುತ್ತದೆ. ವೀರಗಲ್ಲಿನ ಗತಿ ಇನ್ನೂ ಕಷ್ಟ. ಸೂರ್ಯಚಂದ್ರರಿರುವವರೆಗೆ ಎಂದು ನಿಲ್ಲಿಸಿದ ಕಲ್ಲನ್ನು ಬೋರಲು ಹಾಕಿ ಬಟ್ಟೆ ಒಗೆಯುವುದನ್ನು ನಾವೇ ಕಂಡಿದ್ದೇವೆ. ನಿಮ್ಮ ಹಿತ್ತಲಿನಲ್ಲಿ ಅಂಥದೊಂದು ಇದ್ದರೆ, ಬರುವ ಸೋಮವಾರ ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಿರಿ. ಸುಣ್ಣ ಬಳಿಯಬೇಡಿರಿ, ಅಕ್ಷರ ಮುಚ್ಚಿಹೋಗುತ್ತದೆ. ನೀರಿನಲ್ಲಿ ತೊಳೆದು, ಮಕ್ಕಳನ್ನು ಕರೆದು, ಕೆಳಗಿನ ಪಟ್ಟಿಯಿಂದ ತೋರಿಸುತ್ತಾ ಬನ್ನಿರಿ.